ಬಯೋಮೆಡಿಕಲ್ ಎಂಜಿನಿಯರಿಂಗ್: ಮಣಿಪಾಲವೋ, ಬೆಂಗಳೂರೋ, ಶಿವಮೊಗ್ಗದಲ್ಲೇ ಎಲೆಕ್ಟ್ರಾನಿಕ್ಸೋ?

"ನೀಟ್ ಅಂಕ ಸರ್ಕಾರಿ ಸೀಟಿನ ಹತ್ತಿರಕ್ಕೂ ಬರಲಿಲ್ಲ. ಸಿಇಟಿ ರ‍್ಯಾಂಕ್ ಪರವಾಗಿಲ್ಲ. ಮಗಳು ಓದಿದ್ದು ಪಿಸಿಎಂಬಿ. ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಡಿಸಿದರೆ ಅರ್ಧ ಡಾಕ್ಟರ್ ಆದಂತೆಯೇ ಅಲ್ಲವೇ?" ಸಿಇಟಿ ಆಯ್ಕೆ ನಮೂದಿಸುವ ಹೊತ್ತಿಗೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ತಂದೆತಾಯಂದಿರು ಹೆಚ್ಚು ಕಡಿಮೆ ಇದೇ ಮಾತುಗಳಲ್ಲಿ ಕೇಳುತ್ತಾರೆ.

ಅರ್ಧ ಡಾಕ್ಟರೂ ಅಲ್ಲ, ಕಾಲು ಡಾಕ್ಟರೂ ಅಲ್ಲ. ರೋಗಿಗೆ ಚಿಕಿತ್ಸೆ ಕೊಡುವ ಅಧಿಕಾರ ಈ ಪದವಿಯಿಂದ ಬರುವುದಿಲ್ಲ. ಇಲ್ಲಿ ಕಲಿಸುವುದು ರೋಗಿಯ ಮಂಚದ ಪಕ್ಕದಲ್ಲಿ ನಿಂತಿರುವ ಯಂತ್ರದ ವಿದ್ಯೆ: ವೆಂಟಿಲೇಟರ್, ಐಸಿಯು ಮಾನಿಟರ್, ಡಯಾಲಿಸಿಸ್ ಯಂತ್ರ, ಡಿಫಿಬ್ರಿಲೇಟರ್, ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ. ಅವುಗಳನ್ನು ರೂಪಿಸುವುದು, ಪರೀಕ್ಷಿಸುವುದು, ಆಸ್ಪತ್ರೆಯಲ್ಲಿ ಅಳವಡಿಸುವುದು, ಕೆಟ್ಟಾಗ ರಾತ್ರಿ ಹನ್ನೊಂದಕ್ಕೂ ಎದ್ದು ಹೋಗಿ ಸರಿಪಡಿಸುವುದು. ಇದು ತಲೆಯಿಂದ ಕಾಲಿನವರೆಗೆ ಎಂಜಿನಿಯರಿಂಗ್ ಪದವಿ. ಇದನ್ನು ಮೊದಲು ಒಪ್ಪಿಕೊಂಡರೆ ಮುಂದಿನ ಹೋಲಿಕೆ ಸಲೀಸಾಗುತ್ತದೆ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಪದವಿಪತ್ರದ ಮೇಲಿನ ಹೆಸರಿಗಿಂತ ಎರಡು ಸಂಗತಿಗಳು ದೊಡ್ಡವು: ಕಾಲೇಜಿನಲ್ಲಿ ಸರ್ಕ್ಯೂಟ್ ಮತ್ತು ಸಿಗ್ನಲ್ ಎಷ್ಟು ಗಟ್ಟಿಯಾಗಿ ಕಲಿಸುತ್ತಾರೆ, ಮತ್ತು ವಿದ್ಯಾರ್ಥಿ ನಾಲ್ಕು ವರ್ಷಗಳಲ್ಲಿ ಒಂದು ದೊಡ್ಡ ಆಸ್ಪತ್ರೆಯ ಒಳಗೆ ಎಷ್ಟು ಹೊತ್ತು ಇರಲು ಸಾಧ್ಯ. ಎರಡೂ ಸಿಗುವ ಕಾಲೇಜು ಕೈಗೆಟುಕುವ ಶುಲ್ಕಕ್ಕೆ ಸಿಕ್ಕರೆ ಯೋಚಿಸದೆ ಸೇರಿ. ಒಂದೂ ಸಿಗದೆ ಬರೀ ಹೆಸರು ಮಾತ್ರ ಸಿಗುವುದಾದರೆ ಶಿವಮೊಗ್ಗದಲ್ಲೇ ಎಲೆಕ್ಟ್ರಾನಿಕ್ಸ್ ಓದುವುದು ಮೇಲು.

ಗಣಿತಕ್ಕೆ ಹೆದರಿ ಬರುವವರಿಗೆ

ಪಿಸಿಎಂಬಿ ವಿದ್ಯಾರ್ಥಿಗಳಲ್ಲಿ ಹಲವರು ಗಣಿತವನ್ನು ಪಾಸಾಗುವಷ್ಟು ಓದಿ, ಜೀವಶಾಸ್ತ್ರಕ್ಕೆ ಜೀವ ತೇಯ್ದಿರುತ್ತಾರೆ. "ಬಯೋ" ಎಂಬ ಎರಡಕ್ಷರ ನೋಡಿ ತಮಗೆ ಒಗ್ಗುವ ವಿಷಯ ಎಂದುಕೊಳ್ಳುತ್ತಾರೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಜೀವಶಾಸ್ತ್ರದ ಅಂಕ ಲೆಕ್ಕಕ್ಕೇ ಬರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರಲ್ಲಿ ಪಿಯುಸಿ ಅಂಕದ ಅರ್ಧ ಮತ್ತು ಸಿಇಟಿ ಅಂಕದ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಸೇರಿದ ಮೇಲೆ ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರ ಕಲಿಯಬೇಕಾಗುವುದು ನಿಜ, ಆದರೆ ಅದು ಒಂದೆರಡು ವಿಷಯಗಳಷ್ಟೇ. ಉಳಿದ ಹೊರೆಯೆಲ್ಲ ಲಾಪ್ಲಾಸ್, ಫೂರಿಯೇ, ಮ್ಯಾಟ್ರಿಕ್ಸ್, ಸಂಭವನೀಯತೆ, ಅನಲಾಗ್ ಸರ್ಕ್ಯೂಟ್, ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಕಂಟ್ರೋಲ್ ಸಿಸ್ಟಮ್, ಮೈಕ್ರೋಕಂಟ್ರೋಲರ್.

ಒಂದು ಇಸಿಜಿ ಯಂತ್ರವನ್ನೇ ತೆಗೆದುಕೊಳ್ಳಿ. ಎದೆಗೆ ಅಂಟಿಸಿದ ಎಲೆಕ್ಟ್ರೋಡಿಗೆ ಬಂದು ತಲುಪುವ ಹೃದಯದ ಸಂಕೇತ ಸುಮಾರು ಒಂದು ಮಿಲಿವೋಲ್ಟ್. ಅದೇ ದೇಹ ಕೋಣೆಯ ವೈರಿಂಗ್‌ನಿಂದ 50 ಹರ್ಟ್ಸ್ ವಿದ್ಯುತ್ ಗದ್ದಲವನ್ನೂ ಹೀರಿಕೊಂಡು ನಿಂತಿರುತ್ತದೆ, ಅದು ಸಂಕೇತಕ್ಕಿಂತ ಎಷ್ಟೋ ಪಾಲು ದೊಡ್ಡದು. ರೋಗ ಗುರುತಿಸಲು ಬೇಕಾದ ಇಸಿಜಿ ಸುಮಾರು 0.05ರಿಂದ 150 ಹರ್ಟ್ಸ್‌ವರೆಗೆ ಹರಡಿಕೊಂಡಿರುವುದರಿಂದ ಗದ್ದಲ ಅದರ ನಡುಮಧ್ಯದಲ್ಲೇ ಕೂತಿರುತ್ತದೆ. ಎರಡು ಎಲೆಕ್ಟ್ರೋಡುಗಳಿಗೂ ಸಮಾನವಾಗಿ ಬಂದದ್ದನ್ನು ಕಳೆದು, ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ಆಂಪ್ಲಿಫೈಯರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಗೆರೆ ಮೇಲೆ ಕೆಳಗೆ ತೇಲುತ್ತಿದೆ ಎಂದು ಕೆಳಗಿನ ಆವರ್ತನಗಳನ್ನು ಧಾರಾಳವಾಗಿ ಕತ್ತರಿಸಿದರೆ ಇಸಿಜಿ ಗೆರೆಯಲ್ಲಿ ಎಸ್‌ಟಿ ಎಂದು ಕರೆಯುವ ಭಾಗ ಸೊಟ್ಟಗಾಗುತ್ತದೆ. ಹೃದಯಾಘಾತದ ಸುಳಿವಿಗಾಗಿ ವೈದ್ಯರು ನೋಡುವುದು ಆ ಭಾಗವನ್ನೇ. ಫಿಲ್ಟರಿನ ಗಣಿತ ಗೊತ್ತಿದ್ದು ಹೃದಯ ಗೊತ್ತಿಲ್ಲದವನೂ, ಹೃದಯ ಗೊತ್ತಿದ್ದು ಫಿಲ್ಟರ್ ಗೊತ್ತಿಲ್ಲದವನೂ ಈ ಯಂತ್ರವನ್ನು ಕೆಡಿಸುತ್ತಾರೆ. ಇಬ್ಬರ ನಡುವೆ ನಿಲ್ಲುವವನೇ ಬಯೋಮೆಡಿಕಲ್ ಎಂಜಿನಿಯರ್.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಎಲ್ಲರ ಮನೆಗೂ ಬಂತು. ಅದರೊಳಗೆ ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು, 940 ನ್ಯಾನೋಮೀಟರಿನ ಅವಕೆಂಪು ಬೆಳಕು, ಇವೆರಡನ್ನು ರಕ್ತ ಹೀರಿಕೊಳ್ಳುವ ಪ್ರಮಾಣದ ಅನುಪಾತ. ಇಷ್ಟನ್ನು ಕೇಳಿದಾಗ "ಹೇಗೆ ಲೆಕ್ಕ ಹಾಕುತ್ತಾರೆ?" ಎಂದು ಮುಂದಿನ ಪ್ರಶ್ನೆ ಕೇಳುವ ಹುಡುಗ ಹುಡುಗಿಯರಿಗೆ ಈ ಓದು ಹಿಡಿಸುತ್ತದೆ. ಗಣಿತದಿಂದ ತಪ್ಪಿಸಿಕೊಳ್ಳಲು ಬರುವವರಿಗೆ ಮೂರನೆಯ ಸೆಮಿಸ್ಟರಿನಲ್ಲೇ ಉಸಿರು ಕಟ್ಟುತ್ತದೆ.

ಇನ್ನೊಂದು ಮಾತು. ವೈದ್ಯಕೀಯ ಯಂತ್ರಗಳ ಚರಿತ್ರೆಯಲ್ಲಿ ಬಯೋಮೆಡಿಕಲ್ ಪದವಿ ಇಲ್ಲದವರೇ ಮುಂದೆ ಕಾಣುತ್ತಾರೆ. 1971ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳನ್ನು ಸಿಟಿ ಯಂತ್ರದಲ್ಲಿ ನೋಡಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಲೆಕ್ಟ್ರಿಕಲ್ ಎಂಜಿನಿಯರ್. 1979ರಲ್ಲಿ ಅವರಿಗೆ ವೈದ್ಯಕೀಯದ ನೊಬೆಲ್ ಬಂತು, ಜೊತೆಗೆ ಹಂಚಿಕೊಂಡ ಅಲನ್ ಕಾರ್ಮಾಕ್ ಭೌತವಿಜ್ಞಾನಿ. ದೇಹದೊಳಗೆ ಇಡುವ ಪೇಸ್‌ಮೇಕರ್ ರೂಪಿಸಿದ ವಿಲ್ಸನ್ ಗ್ರೇಟ್‌ಬ್ಯಾಚ್ ಕೂಡ ಎಲೆಕ್ಟ್ರಿಕಲ್ ಎಂಜಿನಿಯರೇ. ಎಲೆಕ್ಟ್ರಾನಿಕ್ಸ್ ಓದಿ ಈ ಕ್ಷೇತ್ರಕ್ಕೆ ಬಂದರೆ ಹಿಂಬಾಗಿಲಿನಿಂದ ಬಂದಂತಾಗುತ್ತದೆ ಎಂಬ ಅಳುಕು ಬೇಡ.

ಮಣಿಪಾಲ: ಎಲ್ಲ ಇದೆ, ದುಡ್ಡೂ ಇರಬೇಕು

ಮಲೆನಾಡಿನವರಿಗೆ ಭೂಗೋಳದ ದೃಷ್ಟಿಯಿಂದ ಬಹಳ ಹತ್ತಿರದ ಬಯೋಮೆಡಿಕಲ್ ಪದವಿ ಮಣಿಪಾಲದ್ದು. ತೀರ್ಥಹಳ್ಳಿಯವರಿಗಂತೂ ಆಗುಂಬೆ ಘಾಟಿ ಇಳಿದು ಹೆಬ್ರಿ ದಾಟಿದರೆ ಆಯಿತು. ಬೆಂಗಳೂರಿನ ದಾರಿಯ ಮೂರನೆಯ ಒಂದು ಪಾಲೂ ಆಗುವುದಿಲ್ಲ. ಮಳೆಗಾಲದಲ್ಲಿ ಘಾಟಿ ಕುಸಿದರೆ ಹುಲಿಕಲ್ ಸುತ್ತಿಕೊಂಡು ಬರುವ ಕಷ್ಟ ನಮ್ಮವರಿಗೆ ಹೊಸದೇನಲ್ಲ.

ಮಣಿಪಾಲ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಶುರುವಾದದ್ದು 1957ರಲ್ಲಿ. ಅದಕ್ಕೂ ಮೊದಲೇ, 1953ರಲ್ಲಿ, ಕಸ್ತೂರಬಾ ವೈದ್ಯಕೀಯ ಕಾಲೇಜು ಬಂದಿತ್ತು. ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜು, ಕಸ್ತೂರಬಾ ಆಸ್ಪತ್ರೆ ಒಂದೇ ಊರಿನಲ್ಲಿ, ಒಂದೇ ಸಂಸ್ಥೆಯ ಕೈಯಲ್ಲಿ, ನಡೆದುಹೋಗುವಷ್ಟು ಸಮೀಪದಲ್ಲಿವೆ. ಬಯೋಮೆಡಿಕಲ್ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಮೂಳೆ ವೈದ್ಯರೊಬ್ಬರಿಗೆ ನಡಿಗೆ ಅಳೆಯುವ ಸಾಧನ ಬೇಕಿದ್ದರೆ, ಅದನ್ನು ಮಾಡುವ ವಿದ್ಯಾರ್ಥಿ ಪಕ್ಕದ ರಸ್ತೆಯಲ್ಲಿರುತ್ತಾನೆ. ಯೋಜನೆಯ ವಿಷಯ ಅಂತರ್ಜಾಲದಿಂದ ಹುಡುಕುವುದಕ್ಕೂ ವಾರ್ಡಿನಿಂದ ಹುಟ್ಟುವುದಕ್ಕೂ ಇರುವ ಅಂತರ ಕೊನೆಯ ವರ್ಷದಲ್ಲಿ ಗೊತ್ತಾಗುತ್ತದೆ.

ತೊಡಕು ಶುಲ್ಕದ್ದು. ಇದು ಡೀಮ್ಡ್ ವಿಶ್ವವಿದ್ಯಾಲಯ. ಪ್ರವೇಶಕ್ಕೆ ಸಿಇಟಿ ಅಲ್ಲ, ಅವರದೇ ಪರೀಕ್ಷೆ ಬರೆಯಬೇಕು. ಶುಲ್ಕ ಸಿಇಟಿ ಸರ್ಕಾರಿ ಸೀಟಿನ ಹಲವು ಪಟ್ಟು. ವಿದ್ಯಾರ್ಥಿವೇತನ ಸಿಕ್ಕರೆ ಲೆಕ್ಕ ಬದಲಾಗುತ್ತದೆ, ಹಾಗಾಗಿ ಪರೀಕ್ಷೆ ಬರೆದು ನೋಡುವುದರಲ್ಲಿ ನಷ್ಟವಿಲ್ಲ. ಆದರೆ ಪೂರ್ತಿ ಶುಲ್ಕವನ್ನು ತೋಟ ಅಡವಿಟ್ಟು ಕಟ್ಟುವ ಯೋಚನೆಯಿದ್ದರೆ, ಈ ಕ್ಷೇತ್ರದ ಮೊದಲ ಸಂಬಳ ಸಾಫ್ಟ್‌ವೇರಿನವರ ಮೊದಲ ಸಂಬಳಕ್ಕಿಂತ ಸಾಮಾನ್ಯವಾಗಿ ಕಡಿಮೆ ಎಂಬುದನ್ನು ನೆನಪಿಡಬೇಕು. ಅಡಕೆ ಧಾರಣೆ ನಂಬಿ ನಾಲ್ಕು ವರ್ಷದ ಸಾಲ ಮಾಡುವುದರ ಬಗ್ಗೆ ನಾನು ಹೇಳಬೇಕಾಗಿಲ್ಲ.

ಬೆಂಗಳೂರು: ಸಿಇಟಿಯಲ್ಲಿ ಸಿಗುವ ದಾರಿ

ಸಿಇಟಿ ಮೂಲಕ ಹೋಗುವವರಿಗೆ ಎರಡು ಹೆಸರುಗಳು ಕಾಣುತ್ತವೆ: ಬಯೋಮೆಡಿಕಲ್ ಎಂಜಿನಿಯರಿಂಗ್ ಮತ್ತು ಮೆಡಿಕಲ್ ಎಲೆಕ್ಟ್ರಾನಿಕ್ಸ್. ಎಸಿಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲನೆಯದು, ಬಿಎಂಎಸ್, ಎಂ.ಎಸ್. ರಾಮಯ್ಯ, ದಯಾನಂದ ಸಾಗರ್, ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯಗಳು ನಡೆಸಿಕೊಂಡು ಬಂದಿರುವುದು ಎರಡನೆಯದು. ವಿಭಾಗಗಳ ಸೀಟು ವರ್ಷದಿಂದ ವರ್ಷಕ್ಕೆ ಏರಿಳಿಯುತ್ತವೆ, ಆದ್ದರಿಂದ ಪರೀಕ್ಷಾ ಪ್ರಾಧಿಕಾರದ ಈ ವರ್ಷದ ಸೀಟು ಪಟ್ಟಿಯನ್ನೇ ನೋಡಿ.

ಎರಡರ ನಡುವೆ ವ್ಯತ್ಯಾಸ ಎಷ್ಟು? ಮೆಡಿಕಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಸರ್ಕ್ಯೂಟ್, ಎಂಬೆಡೆಡ್ ಸಿಸ್ಟಮ್, ಸಿಗ್ನಲ್ ಮತ್ತು ಚಿತ್ರ ಸಂಸ್ಕರಣೆಯ ತೂಕ ಜಾಸ್ತಿ. ಬಯೋಮೆಡಿಕಲ್‌ನಲ್ಲಿ ಅದರ ಜೊತೆಗೆ ಬಯೋಮೆಕ್ಯಾನಿಕ್ಸ್, ದೇಹದೊಳಗೆ ಇಡುವ ವಸ್ತುಗಳ ವಿಜ್ಞಾನ, ಪುನರ್ವಸತಿ ಸಾಧನಗಳು ಬರುತ್ತವೆ. ಕೃತಕ ಮಂಡಿ, ಹೃದಯದ ಕವಾಟ, ಸ್ಟೆಂಟ್ ಇಂಥವುಗಳ ಕನಸಿದ್ದರೆ ಬಯೋಮೆಡಿಕಲ್ ಹೆಚ್ಚು ಹೊಂದುತ್ತದೆ. ಮಾನಿಟರ್, ಇಮೇಜಿಂಗ್, ಸಾಫ್ಟ್‌ವೇರ್ ಕಡೆ ಒಲವಿದ್ದರೆ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಏನೂ ಕಡಿಮೆಯಲ್ಲ. ನನ್ನ ಮಟ್ಟಿಗೆ ಒಂದು ಗುಲಗಂಜಿ ಹೆಚ್ಚೇ. ಮೇಲೆ ಹೇಳಿದ ನಾಲ್ಕು ಮೆಡಿಕಲ್ ಎಲೆಕ್ಟ್ರಾನಿಕ್ಸ್ ಕಾಲೇಜುಗಳೂ ಸ್ವಾಯತ್ತ, ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸುತ್ತವೆ. ಹಾಗಾಗಿ ಒಂದೇ ಹೆಸರಿನ ಪದವಿಯ ಒಳಗೆ ಬೇರೆ ಬೇರೆ ಸರಕು ಇರುತ್ತದೆ. ಪಠ್ಯಕ್ರಮವನ್ನು ಇಳಿಸಿಕೊಂಡು ಮೂರರಿಂದ ಆರನೆಯ ಸೆಮಿಸ್ಟರ್‌ವರೆಗಿನ ವಿಷಯಗಳನ್ನು ಪಕ್ಕಪಕ್ಕ ಇಟ್ಟು ಓದಿ. ಪ್ರಯೋಗಾಲಯದ ಪಟ್ಟಿಯನ್ನೂ ಬಿಡಬೇಡಿ.

ಆಮೇಲೆ ಆಸ್ಪತ್ರೆಯ ಪ್ರಶ್ನೆ. ರಾಮಯ್ಯ ಕಾಲೇಜಿನ ಪಕ್ಕದಲ್ಲೇ ಅದೇ ಹೆಸರಿನ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇವೆ. ಎಸಿಎಸ್ ಕಾಲೇಜು ರಾಜರಾಜೇಶ್ವರಿ ವೈದ್ಯಕೀಯ ಕಾಲೇಜಿನ ಸಮೂಹದ್ದೇ. ಆದರೆ ಪಕ್ಕದಲ್ಲಿ ಕಟ್ಟಡ ಇರುವುದು ಬೇರೆ, ವಿದ್ಯಾರ್ಥಿಯನ್ನು ಒಳಗೆ ಬಿಡುವುದು ಬೇರೆ. ಕಾಲೇಜು ನೋಡಲು ಹೋದಾಗ ವಿಭಾಗದ ಮುಖ್ಯಸ್ಥರನ್ನೋ, ಅದಕ್ಕಿಂತ ಒಳ್ಳೆಯದು ಮೂರನೆಯ ವರ್ಷದ ವಿದ್ಯಾರ್ಥಿಗಳನ್ನೋ ಕೇಳಿ: "ಆಸ್ಪತ್ರೆಗೆ ಎಷ್ಟು ಸಲ ಹೋಗಿದ್ದೀರಿ? ಒಳಗೆ ಯಾವ ಯಂತ್ರ ಬಿಚ್ಚಿ ನೋಡಿದ್ದೀರಿ?" ವಿದ್ಯಾರ್ಥಿ ನಗೆ ತಡೆದುಕೊಂಡರೆ ಉತ್ತರ ಸಿಕ್ಕಂತೆಯೇ.

ಬೆಂಗಳೂರಿನ ನಿಜವಾದ ಬಲ ಕಾಲೇಜಿನ ಹೊರಗಿದೆ. ಜಿಇ ಹೆಲ್ತ್‌ಕೇರ್, ಫಿಲಿಪ್ಸ್, ಸೀಮೆನ್ಸ್ ಹೆಲ್ದಿನಿಯರ್ಸ್ ಮೂರಕ್ಕೂ ಅಲ್ಲಿ ದೊಡ್ಡ ಅಭಿವೃದ್ಧಿ ಕೇಂದ್ರಗಳಿವೆ. ಕಣ್ಣಿನ ತಪಾಸಣೆಯ ತ್ರಿನೇತ್ರ ಸಾಧನ ಮಾಡಿದ ಫೋರಸ್ ಹೆಲ್ತ್‌ನಂಥ ಸಣ್ಣ ಕಂಪನಿಗಳು ಹುಟ್ಟಿದ್ದೂ ಅಲ್ಲೇ. ಮೈಸೂರಿನಲ್ಲಿ ವೈದ್ಯಕೀಯ ಯಂತ್ರ ತಯಾರಿಸುವ ಸ್ಕ್ಯಾನ್‌ರೇ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿಗೆ (ಬಿಇಎಲ್) 30,000 ವೆಂಟಿಲೇಟರುಗಳ ಬೇಡಿಕೆ ಕೊಟ್ಟಾಗ ಅದರ ವಿನ್ಯಾಸ ಸ್ಕ್ಯಾನ್‌ರೇಯಿಂದ ಬಂದದ್ದು. ಇಂಟರ್ನ್‌ಶಿಪ್‌ಗೆ ಸಂಜೆ ಬಸ್ ಹತ್ತಿ ಹೋಗಿ ಬರಬಹುದಾದ ದೂರದಲ್ಲಿ ಇವು ಇರುವುದು ಶಿವಮೊಗ್ಗದಲ್ಲಿ ಓದುವವರಿಗೆ ಇಲ್ಲದ ಸೌಲಭ್ಯ. ಬಾಡಿಗೆ, ಮೆಸ್, ಓಡಾಟದ ಖರ್ಚು ಮಾತ್ರ ಶುಲ್ಕದಷ್ಟೇ ಭಾರವಾಗಿ ಬೀಳುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ಶಿವಮೊಗ್ಗದಲ್ಲೇ ಎಲೆಕ್ಟ್ರಾನಿಕ್ಸ್

1980ರಿಂದ ಇರುವ ಜೆಎನ್‌ಎನ್‌ ಕಾಲೇಜು, ಆಮೇಲೆ ಬಂದ ಪಿಇಎಸ್ ಐಟಿಎಂ ಎರಡರಲ್ಲೂ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್ ವಿಭಾಗವಿದೆ. ಮನೆಯಿಂದಲೋ ಹತ್ತಿರದ ಹಾಸ್ಟೆಲಿನಿಂದಲೋ ಓದಬಹುದು. ಇಸಿಜಿ ಆಂಪ್ಲಿಫೈಯರಿಗೆ ಬೇಕಾದ ಸರ್ಕ್ಯೂಟ್, ಎಂಆರ್‌ಐಗೆ ಬೇಕಾದ ಫೂರಿಯೇ, ವೆಂಟಿಲೇಟರಿಗೆ ಬೇಕಾದ ಕಂಟ್ರೋಲ್ ಸಿಸ್ಟಮ್ ಎಲ್ಲವೂ ಇಲ್ಲಿಯ ಪಠ್ಯದಲ್ಲೇ ಇವೆ. ಇಲ್ಲದ್ದು ಶರೀರ ಮತ್ತು ಆಸ್ಪತ್ರೆ. ಆ ಎರಡನ್ನು ನೀವಾಗಿ ಸೇರಿಸಿಕೊಳ್ಳಬೇಕು.

ಶರೀರಕ್ರಿಯಾಶಾಸ್ತ್ರ, ವೈದ್ಯಕೀಯ ಉಪಕರಣಗಳು, ವೈದ್ಯಕೀಯ ಚಿತ್ರಣದ ಬಗ್ಗೆ ಐಐಟಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್ ಅಂತರ್ಜಾಲ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಪಿಸಿಎಂಬಿ ಓದಿದವರಿಗೆ ಇಲ್ಲಿ ಒಂದು ಹೆಜ್ಜೆ ಮುಂದಿರುವ ಲಾಭ. ಆಸ್ಪತ್ರೆಯ ವಿಷಯಕ್ಕೆ ಬಂದರೆ ಶಿವಮೊಗ್ಗ ಬಡವಾಗಿಲ್ಲ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಸುತ್ತಮುತ್ತಲ ಜಿಲ್ಲೆಗಳ ರೋಗಿಗಳಿಗೂ ಆಸರೆ. ಖಾಸಗಿ ವೈದ್ಯಕೀಯ ಕಾಲೇಜೂ ದೊಡ್ಡ ಆಸ್ಪತ್ರೆಗಳೂ ಊರಿನಲ್ಲಿವೆ. ರಜೆಯಲ್ಲಿ ಕಾಲೇಜಿನ ಪತ್ರ ಹಿಡಿದುಕೊಂಡು ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗಕ್ಕೆ ಹೋಗಿ ಕೇಳಬೇಕು. ಒಂದು ಕಡೆ ಬೇಡ ಎಂದರೆ ಇನ್ನೊಂದು ಕಡೆ. ಸಂಕೋಚದ ಮಲೆನಾಡಿನ ಮಕ್ಕಳಿಗೆ ಕಷ್ಟದ ಕೆಲಸ ಇದು, ಸೆಮಿಸ್ಟರ್ ಪರೀಕ್ಷೆಗಿಂತಲೂ.

ಈ ದಾರಿಯ ಗುರಿ ಎಂ.ಟೆಕ್. ಅದರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್‌ಗೇ ಪ್ರತ್ಯೇಕ ಪತ್ರಿಕೆ ಇದೆ, ಎಲೆಕ್ಟ್ರಾನಿಕ್ಸ್ ಪತ್ರಿಕೆ ಬರೆದವರನ್ನೂ ಹಲವು ಸಂಸ್ಥೆಗಳು ಬಯೋಮೆಡಿಕಲ್ ಎಂ.ಟೆಕ್‌ಗೆ ತೆಗೆದುಕೊಳ್ಳುತ್ತವೆ. ಐಐಟಿ ಮದ್ರಾಸ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಮೂರೂ ಸೇರಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್ ಇದರಲ್ಲಿ ವಿಶಿಷ್ಟವಾದದ್ದು. ಶ್ರೀ ಚಿತ್ರಾದಲ್ಲಿ ರೂಪುಗೊಂಡ ಕೃತಕ ಹೃದಯ ಕವಾಟವನ್ನು 1990ರ ಡಿಸೆಂಬರಿನಲ್ಲಿ ಮೊದಲು ರೋಗಿಗೆ ಅಳವಡಿಸಿದರು. ಆಮದು ಕವಾಟದ ಬೆಲೆಗೆ ಬೆದರುತ್ತಿದ್ದ ಎಷ್ಟೋ ಮನೆಗಳಿಗೆ ಅದು ಆಸರೆಯಾಯಿತು. ಅಂಥ ಕಡೆ ಕಲಿತು ಬಂದವರನ್ನು ಬಿ.ಇ. ಯಾವ ವಿಭಾಗದ್ದು ಎಂದು ಯಾರೂ ಕೇಳುವುದಿಲ್ಲ.

ಎಲೆಕ್ಟ್ರಾನಿಕ್ಸ್‌ಗೆ ಇನ್ನೂ ಒಂದು ಕಾವಲಿದೆ. ಇಸ್ರೋ, ಬಿಇಎಲ್ ಮೊದಲಾದ ಕಡೆ ನೇಮಕಾತಿ ಪ್ರಕಟಣೆಯಲ್ಲಿ "ಎಲೆಕ್ಟ್ರಾನಿಕ್ಸ್" ಎಂದು ಕರೆದಾಗ ಬಯೋಮೆಡಿಕಲ್ ಪದವೀಧರರು ಅರ್ಹರ ಪಟ್ಟಿಯಿಂದ ಹೊರಗುಳಿಯುವ ಸಂಭವವಿರುತ್ತದೆ. ಮನೆಯವರಿಗೆ ಸರ್ಕಾರಿ ನೌಕರಿಯ ಆಸೆ ಬಲವಾಗಿದ್ದರೆ ಇದೊಂದೇ ಕಾರಣ ಸಾಕು.

ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಏಳನೆಯ ಸೆಮಿಸ್ಟರಿಗೆ ಬರುವ ಹೊತ್ತಿಗೆ ಪಕ್ಕದವರೆಲ್ಲ ಸಾಫ್ಟ್‌ವೇರ್ ಕಂಪನಿಯ ನೇಮಕಾತಿ ಪತ್ರ ಹಿಡಿದಿರುತ್ತಾರೆ. ಆ ಸೆಳೆತದಲ್ಲಿ ವೈದ್ಯಕೀಯ ಸಾಧನದ ಆಸೆ ಸದ್ದಿಲ್ಲದೆ ಕರಗಿಹೋಗುತ್ತದೆ. ಗುಂಪಿನ ಜೊತೆ ಹರಿದುಹೋಗುವ ಸ್ವಭಾವದವರು ಬಯೋಮೆಡಿಕಲ್ ಅಥವಾ ಮೆಡಿಕಲ್ ಎಲೆಕ್ಟ್ರಾನಿಕ್ಸ್‌ಗೇ ಸೇರುವುದು ಒಳ್ಳೆಯದು. ಅಲ್ಲಿ ಗುಂಪೇ ಆ ದಿಕ್ಕಿನಲ್ಲಿರುತ್ತದೆ.

ಜೊತೆಯಲ್ಲೇ ಕೇಳಿಬರುವ ಬೇರೆ ಓದುಗಳು

ಬಯೋಟೆಕ್ನಾಲಜಿ ಬೇರೆಯೇ ಲೋಕ. ಅದು ಜೀವಕೋಶ, ಕಿಣ್ವ, ಲಸಿಕೆ, ಔಷಧಗಳ ಓದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಬಗ್ಗೆ ಏನಾದರೂ ಮಾಡಬೇಕೆಂಬ ಹಂಬಲ ನಮ್ಮ ಕಡೆಯ ಕೆಲವು ಮಕ್ಕಳಿಗಿದೆ. ವೈರಾಣು, ಲಸಿಕೆ ಎಂದರೆ ಬಯೋಟೆಕ್ನಾಲಜಿ ಅಥವಾ ಸೂಕ್ಷ್ಮಜೀವಿಶಾಸ್ತ್ರ; ಬಿ.ಎಸ್ಸಿ. ಮುಗಿಸಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುವ ದಾರಿಯೂ ಅಲ್ಲಿದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ರಕ್ತ ಪರೀಕ್ಷಿಸುವ ಪುಟ್ಟ ಯಂತ್ರ ಮಾಡಬೇಕು ಎಂದರೆ ಮಾತ್ರ ಬಯೋಮೆಡಿಕಲ್ ಕಡೆಗೆ ಬನ್ನಿ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುವ ಇಮೇಜಿಂಗ್, ಡಯಾಲಿಸಿಸ್, ಅರಿವಳಿಕೆ ತಂತ್ರಜ್ಞಾನದ ಬಿ.ಎಸ್ಸಿ.ಗಳು ಯಂತ್ರವನ್ನು ನಡೆಸುವವರನ್ನು ತಯಾರು ಮಾಡುತ್ತವೆ. ರೋಗಿಯ ಜೊತೆ ಇರಬೇಕು, ಬೇಗ ಕೆಲಸ ಬೇಕು, ಊರ ಹತ್ತಿರವೇ ಬೇಕು ಎನ್ನುವವರಿಗೆ ಇದು ಬಯೋಮೆಡಿಕಲ್‌ಗಿಂತ ನೇರವಾದ ದಾರಿ. ಜೀವಶಾಸ್ತ್ರ ಪ್ರಿಯ, ಗಣಿತ ಬೇಡ ಎನ್ನುವವರು ಇದನ್ನು ಕೀಳೆಂದು ಬದಿಗೆ ಸರಿಸುವುದು ಬರೀ ಪ್ರತಿಷ್ಠೆಯ ಮಾತು.

ಜೆಇಇ ಬರೆದವರಿಗೆ ರೂರ್ಕೆಲಾ ಮತ್ತು ರಾಯಪುರದ ಎನ್‌ಐಟಿಗಳಲ್ಲಿ ಬಯೋಮೆಡಿಕಲ್ ಬಿ.ಟೆಕ್ ಇದೆ, ಸುರತ್ಕಲ್‌ನಲ್ಲಿ ಇಲ್ಲ. ಐಐಟಿ ಮದ್ರಾಸ್ 2023ರಲ್ಲಿ ವೈದ್ಯಕೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಬಿ.ಎಸ್. ಶುರು ಮಾಡಿತು, ಅದಕ್ಕೆ ಐಸರ್ (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ) ಪ್ರವೇಶ ಪರೀಕ್ಷೆ ಬರೆಯಬೇಕು.

ಓದಿದ ಮೇಲೆ ಏನು ಕೆಲಸ

ಬಹಳ ಜನ ಸೇರುವುದು ಎರಡು ಕಡೆ: ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗ, ಇಲ್ಲವೇ ಯಂತ್ರ ಮಾರುವ ಕಂಪನಿಯ ಸರ್ವಿಸ್ ವಿಭಾಗ. ವಿನ್ಯಾಸದ ಕೆಲಸ ಕಡಿಮೆ, ಸ್ಪರ್ಧೆ ಹೆಚ್ಚು, ಸಾಮಾನ್ಯವಾಗಿ ಎಂ.ಟೆಕ್ ಬೇಡುತ್ತದೆ. ಇನ್ನೊಂದು ಕಡೆ ನಿಧಾನವಾಗಿ ಬೆಳೆಯುತ್ತಿರುವುದು ಗುಣಮಟ್ಟ ಮತ್ತು ನಿಯಂತ್ರಣದ ಕೆಲಸ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಸಾಧನಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ವ್ಯಾಪ್ತಿಗೆ ಬಂದಿವೆ. ಅದರ ಕಡತ, ಪರೀಕ್ಷಾ ವರದಿ, ಪರವಾನಗಿ ನೋಡಿಕೊಳ್ಳಲು ಯಂತ್ರವೂ ಗೊತ್ತಿದ್ದು ಬರವಣಿಗೆಯೂ ಬರುವವರು ಬೇಕು. ಅಚ್ಚುಕಟ್ಟಿನ ಸ್ವಭಾವದವರಿಗೆ ಒಳ್ಳೆಯ ಕೆಲಸ, ಯಾರೂ ಕನಸು ಕಾಣದಿದ್ದರೂ.

ಆಸ್ಪತ್ರೆಯ ಕೆಲಸ ಎಂದರೆ ನಿಗದಿತ ತಪಾಸಣೆ, ಕ್ಯಾಲಿಬ್ರೇಶನ್, ಬ್ರೇಕ್‌ಡೌನ್ ಕರೆ, ಮತ್ತೆ ಒಪ್ಪಂದಗಳ ಜಗ್ಗಾಟ. ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ (ಎಎಂಸಿ) ಕಂಪನಿ ದುರಸ್ತಿಯ ಕೂಲಿ ಮಾತ್ರ ಹೊರುತ್ತದೆ, ಸಮಗ್ರ ನಿರ್ವಹಣಾ ಒಪ್ಪಂದದಲ್ಲಿ (ಸಿಎಂಸಿ) ಬಿಡಿಭಾಗವನ್ನೂ ಹೊರುತ್ತದೆ. ಯಾವ ಭಾಗ ಸಿಎಂಸಿಯಿಂದ ಹೊರಗಿದೆ ಎಂಬ ಸಣ್ಣಕ್ಷರ ಓದುವುದು ಈ ಎಂಜಿನಿಯರ್ ಮಾಡುವ ದೊಡ್ಡ ಉಳಿತಾಯ. ಸುರಕ್ಷತೆಯ ಲೆಕ್ಕ ಬೇರೆ: ಹೃದಯಕ್ಕೆ ನೇರವಾಗಿ ತಾಗುವ ಸಾಧನದಿಂದ ಸಾಮಾನ್ಯ ಸ್ಥಿತಿಯಲ್ಲಿ ರೋಗಿಗೆ ಸೋರುವ ವಿದ್ಯುತ್ 10 ಮೈಕ್ರೋಆಂಪಿಯರ್ ದಾಟಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ಮನೆಯಲ್ಲಿ ಶಾಕ್ ಎಂದು ನಾವು ಗುರುತಿಸುವ ವಿದ್ಯುತ್ತಿನ ಸಣ್ಣದೊಂದು ಪಾಲಷ್ಟೇ ಅದು.

ಮಲೆನಾಡಿನಲ್ಲಿ ಈ ಕೆಲಸಕ್ಕೆ ತನ್ನದೇ ಸಂಕಟಗಳಿವೆ, ಪುಸ್ತಕದಲ್ಲಿ ಬರೆಯದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಸೂಕ್ಷ್ಮದರ್ಶಕದ ಮಸೂರದ ಮೇಲೆ ಬೂಷ್ಟು ಹಿಡಿಯುತ್ತದೆ, ಕನೆಕ್ಟರುಗಳು ಹಸಿರುಗಟ್ಟುತ್ತವೆ. ಮುಂಗಾರಿನ ಮುಂಚಿನ ಸಿಡಿಲಿಗೆ ಪವರ್ ಸಪ್ಲೈ ಸುಡುತ್ತದೆ. ಕಲ್ಲು ನೆಲದಲ್ಲಿ ಬೇಸಿಗೆ ಬಂತೆಂದರೆ ಅರ್ತಿಂಗ್ ಕೆಡುತ್ತದೆ, ಇಸಿಜಿ ಗೆರೆ ನಡುಗತೊಡಗುತ್ತದೆ. ಬೆಚ್ಚಗಿನ ಯಂತ್ರದೊಳಗೆ ಹಲ್ಲಿ, ಇರುವೆ ಸಂಸಾರ ಹೂಡುತ್ತವೆ. ಒಂದು ಡಯಾಲಿಸಿಸ್‌ನಲ್ಲಿ ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರ್ ಶುದ್ಧೀಕರಿಸಿದ ನೀರು ರೋಗಿಯ ರಕ್ತದ ಎದುರು ಹರಿಯುತ್ತದೆ. ತಾಲ್ಲೂಕು ಆಸ್ಪತ್ರೆಯ ಆರ್‌ಒ ಘಟಕ ಕೈಕೊಟ್ಟ ದಿನ, ವಾರಕ್ಕೆ ಎರಡು ಮೂರು ಸಲ ಹೊಸನಗರದ ಒಳಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಕಾಯುತ್ತಾ ಕೂರಬೇಕಾಗುತ್ತದೆ. ಕಂಪನಿಯ ಎಂಜಿನಿಯರ್ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬರುವ ತನಕ ಏನು ಮಾಡಬೇಕೆಂದು ತಿಳಿದವರು ಊರಿನಲ್ಲೇ ಒಬ್ಬರಿದ್ದರೆ ಅದರ ಬೆಲೆ ಬೇರೆ. ಸರ್ಕಾರಿ ಆಸ್ಪತ್ರೆಗಳ ಯಂತ್ರ ನಿರ್ವಹಣೆಗೆಂದೇ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನ ಒಂದು ಕಾರ್ಯಕ್ರಮ ತಂದಿತು. ಅದರಡಿ ಸಿಗುವ ಕೆಲಸಗಳು ಹೆಚ್ಚಾಗಿ ಗುತ್ತಿಗೆಯವು.

"ಹೆಣ್ಣುಮಕ್ಕಳಿಗೆ ಈ ಕೆಲಸ ಆಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಆಸ್ಪತ್ರೆಯ ವಿಭಾಗ, ವಿನ್ಯಾಸ, ನಿಯಂತ್ರಣದ ಕೆಲಸಗಳಲ್ಲಿ ಅವರು ಆಗಲೇ ತುಂಬಾ ಇದ್ದಾರೆ. ಊರೂರು ಸುತ್ತುವ ಸರ್ವಿಸ್ ಕೆಲಸಕ್ಕೆ ಕರೆಯಲು ಕಂಪನಿಗಳೇ ಹಿಂಜರಿಯುತ್ತವೆ. ಆ ಹಿಂಜರಿಕೆಯ ಕಾರಣಗಳು ನನಗೆ ಒಪ್ಪಿಗೆಯಾಗಿಲ್ಲ.

ಆಯ್ಕೆ ನಮೂದಿಸುವಾಗ

ಗಣಿತ ಗಟ್ಟಿ, ಆಸಕ್ತಿ ಖಚಿತ, ರ‍್ಯಾಂಕ್ ಒಳ್ಳೆಯದು ಎಂದಿದ್ದರೆ ಬೆಂಗಳೂರಿನ ಮೆಡಿಕಲ್ ಎಲೆಕ್ಟ್ರಾನಿಕ್ಸ್, ಬಯೋಮೆಡಿಕಲ್ ಮೊದಲು. ಕೆಳಗೆ ಶಿವಮೊಗ್ಗದ ಎಲೆಕ್ಟ್ರಾನಿಕ್ಸ್. ಆಸಕ್ತಿ ಇದೆ ಆದರೆ ಖಚಿತವಿಲ್ಲ, ಅಥವಾ ಬೆಂಗಳೂರಿನ ಖರ್ಚು ಹೊರೆಯಾಗುತ್ತದೆ ಎಂದರೆ ಈ ಕ್ರಮವನ್ನು ತಿರುಗಿಸಿ. ಒಲ್ಲದ ವಿಭಾಗವನ್ನು "ಇರಲಿ" ಎಂದು ಪಟ್ಟಿಯ ಮಧ್ಯೆ ತುರುಕಬೇಡಿ, ಗಣಕಯಂತ್ರಕ್ಕೆ ನಿಮ್ಮ ಮನಸ್ಸು ಗೊತ್ತಾಗುವುದಿಲ್ಲ, ಅದು ಸಿಕ್ಕ ಮೇಲಿನ ಆಯ್ಕೆಯನ್ನೇ ಕೊಡುತ್ತದೆ. ಅಣಕು ಹಂಚಿಕೆ ಬಂದ ಮೇಲೆ ಪಟ್ಟಿಯನ್ನು ಮೇಲೆ ಕೆಳಗೆ ಮಾಡಲು ಅವಕಾಶವಿರುತ್ತದೆ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಪರವಾಗಿಲ್ಲ ಎನಿಸಿ, ಮೇಲಿನದಕ್ಕೂ ಆಸೆಯಿದ್ದರೆ ಎರಡನೆಯ ಚಾಯ್ಸ್ ಒತ್ತಿ, ಕೈಯಲ್ಲಿದ್ದದ್ದು ಉಳಿಯುತ್ತದೆ. ಮೂರನೆಯದು ಒತ್ತಿದರೆ ಅದು ಹೋಗುತ್ತದೆ. ರಾಮಯ್ಯ, ಬಿಎಂಎಸ್, ದಯಾನಂದ ಸಾಗರ್ ಕಾಲೇಜುಗಳಿಗೆ ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ದಾರಿಯೂ ಇದೆ, ಶುಲ್ಕ ಮಾತ್ರ ಸಿಇಟಿಗಿಂತ ಜಾಸ್ತಿ.

ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಶೇ 5. ಎರಡಕ್ಕೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆ ಒಂದು ಕಡೆ, ಪ್ರೌಢಶಾಲೆ ಇನ್ನೊಂದು ತಾಲ್ಲೂಕಿನಲ್ಲಿ ಆಗಿದ್ದರೆ ಎರಡು ಕಚೇರಿ ಅಲೆಯಬೇಕಾಗುತ್ತದೆ, ಆದ್ದರಿಂದ ಫಲಿತಾಂಶಕ್ಕೆ ಕಾಯದೆ ಏಪ್ರಿಲ್‌ನಲ್ಲೇ ಮಾಡಿಸಿಕೊಳ್ಳಿ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟುಗಳಿಗೂ ಕೋರಿಕೆ ಸಲ್ಲಿಸಬಹುದು; ಅದಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರದ ಸಂಖ್ಯೆ ಅರ್ಜಿ ತುಂಬುವ ದಿನವೇ ಕೈಯಲ್ಲಿರಬೇಕು.